ಬಾಚಣಿಗೆ ದೀಪ

ಎಡಗೈಯನ್ನು ಅಂಗಿಯ ತೋಳಿಗೆ ತೂರಿಸುವುದಕ್ಕೇ ಆಗಲಿಲ್ಲ. ಬಲಗೈ ತಂಟೆ ತಕರಾರಿಲ್ಲದೆ ಒಳಗೆ ಹೋಗಿತ್ತು. ಎಡಗೈಗೆ ಆಸ್ಪತ್ರೆಯವರು ಬೆರಳಿನಿಂದ ಮೊಣಕೈವರೆಗೂ ಸುತ್ತಿದ್ದ ಬ್ಯಾಂಡೇಜು ತೋಳಿನ ಬಾಯಲ್ಲೇ ಸಿಕ್ಕಿಕೊಂಡು, ಹಿಂದಕ್ಕೂ ಬಾರದೆ ಮುಂದಕ್ಕೂ ಹೋಗದೆ ಹಟ ಹಿಡಿಯಿತು. ಬದುಕಿದ್ದಾಗ ಯಾರಿಗೂ ಎದುರು ಹೇಳದ ಮನುಷ್ಯ ಸತ್ತ ಮೇಲೆ ಮೊಂಡಾಟ ಮಾಡುತ್ತಿದ್ದಾನೆ ಅನ್ನಿಸಿ ಅವನ ಹೆಂಡತಿಗೆ ಆ ಹೊತ್ತಿನಲ್ಲೂ ಸಿಟ್ಟು ಬಂತು.

"ಬ್ಯಾಂಡೇಜ್ ಬಿಚ್ಚಿಬಿಡೋಣ್ವಾ ಅಮ್ಮಾ? ಇನ್ನೇನು ನೋಯೋದಿಲ್ಲವಲ್ಲ," ಎಂದಳು ಮಗಳು.

"ಬೇಡ. ಆ ಕೈ ನಾನು ನೋಡಲಾರೆ. ಕತ್ತರಿ ತಗೊಂಡು ಬಾ, ತೋಳಿನ ಹೊಲಿಗೆ ಬಿಚ್ಚೋಣ."

ಬಾಗಿಲಲ್ಲಿ ಅತ್ತಿಗೆ ನಿಂತಿದ್ದಳು, ಸತ್ತವನ ಅಕ್ಕ. ಬೆಳಿಗ್ಗೆ ಬಂದಾಗಿನಿಂದ ಅತ್ತು ಅತ್ತು ಅವಳ ದನಿ ಒಡೆದಿತ್ತು. ನಾಲಿಗೆಗೆ ಮಾತ್ರ ಏನೂ ಆಗಿರಲಿಲ್ಲ.

"ಎಂಥ ಕೈ ಕಣೇ ಅದು," ಎಂದಳು ತಮ್ಮನ ಮಗಳ ಕಡೆ ತಿರುಗಿ, ಹೆಂಡತಿಗೆ ಕೇಳಿಸುವ ಹಾಗೆ. "ಸಣ್ಣವನಿದ್ದಾಗ ಬೆಂಕಿಪೊಟ್ಟಣದಲ್ಲಿ ರೈಲು ಮಾಡೋನು ನಿಮ್ಮಪ್ಪ. ಕಿಟಕಿ ಎಲ್ಲಾ ಇರೋದು ಅದಕ್ಕೆ. ಅಂಥ ಕೈನ ದಿನಾ ಸಾಯಂಕಾಲ ಬೇಯಿಸ್ಕೊಂಡ. ಕೆಲಸದಿಂದ ಬಂದ ಅಂದ್ರೆ ಹೆಂಡತಿ ತಲೆಗೆ ದೀಪ, ಹೆಂಡತಿ ತಲೆಗೆ ದೀಪ. ಒಂದು ಗ್ಲೌಸಾದ್ರೂ ಹಾಕ್ಕೊಳ್ಳಿ ಅನ್ನೋಕೆ ಇವಳಿಗೆ ಬಾಯಿರಲಿಲ್ವಾ?"

"ಅತ್ತೇ, ಸಾಕು. ಇವತ್ತೇ ಬೇಕಾ ಇದೆಲ್ಲ?"

"ಇದ್ದದ್ದು ಇದ್ದ ಹಾಗೆ ಹೇಳಿದ್ರೆ ಎದ್ದು ಬಂದು ಎದೆಗೆ ಒದ್ರಂತೆ. ನಾನೇನು ಇಲ್ಲದ್ದು ಹೇಳಿದ್ನಾ?"

ಹೆಂಡತಿಯ ಕೈಯಲ್ಲಿದ್ದ ಕತ್ತರಿ ನಿಂತಿತು. ಅವಳಿಗೆ ಬಾಯಿತ್ತು. 'ಆ ಗ್ಲೌಸು ತೆಗೀರಿ' ಎಂದು ಹೇಳಿದ ಬಾಯಿ ಅದೇ. ಅಷ್ಟರಲ್ಲೇ ಮುಗಿದಿದ್ದರೆ ಹೇಗೋ ಹೊಟ್ಟೆಗೆ ಹಾಕಿಕೊಳ್ಳಬಹುದಿತ್ತು. ಅದರ ಹಿಂದೆ ಇನ್ನೊಂದು ಸುಳ್ಳಿತ್ತು, ವರ್ಷಗಟ್ಟಲೆ ಸಾಕಿದ ಸುಳ್ಳು. ಗಂಡನನ್ನು ಕೊಂದದ್ದು ಕಾಯಿಲೆಯಲ್ಲ, ತಾನು, ತನ್ನ ಆ ಸುಳ್ಳು ಎಂದು ಆಕೆ ನಂಬಿ ಎಷ್ಟೋ ತಿಂಗಳಾಗಿತ್ತು. ಮಗಳಿಗೆ ಹೇಳಿರಲಿಲ್ಲ. ಸಾಯುತ್ತಿದ್ದವನಿಗೂ ಹೇಳಿರಲಿಲ್ಲ. ಮಧ್ಯಾಹ್ನ ವ್ಯಾನು ಬಂದು ಅವನನ್ನು ಕೊಂಡೊಯ್ದರೆ ಮುಗಿಯಿತು, ಆಮೇಲೆ ಹೇಳಿಕೊಳ್ಳುವುದಕ್ಕೆ ಅವನ ಮುಖವೂ ಇರುವುದಿಲ್ಲ.

ಅವಳು ಹೊಲಿಗೆಯ ನೂಲು ಒಂದೊಂದಾಗಿ ಕತ್ತರಿಸಿದಳು. ತೋಳು ಬಾಯಿಬಿಟ್ಟಿತು. ಕೈ ಒಳಗೆ ಹೋಯಿತು.

*

ಅವನು ದೀಪಗಳಿಗೆ ಮೂತಿ ಮಾಡುವವನು. ಚರ್ಮರೋಗಕ್ಕೆ ಬೆಳಕಿನ ಚಿಕಿತ್ಸೆ ಕೊಡುವ ದೀಪಗಳನ್ನು ತಯಾರಿಸುವ ಒಂದು ಸಣ್ಣ ಕಂಪನಿಯಲ್ಲಿ ದೀಪದ ಮುಂದಕ್ಕೆ ಸಿಕ್ಕಿಸುವ ಭಾಗಗಳನ್ನೆಲ್ಲ ರೂಪಿಸುವುದು ಅವನ ಕೆಲಸ. ಕಾಗದದ ಮೇಲೆ ಅವಕ್ಕೆ ಅಟ್ಯಾಚ್‌ಮೆಂಟ್ ಎಂದು ಹೆಸರು. ಕೆಲಸದವರ ಬಾಯಲ್ಲಿ ಮೂತಿ. ಮೊಣಕೈಗೆ ಬಟ್ಟಲಿನಂಥ ಮೂತಿ, ಕಿವಿಯ ಹಿಂದಕ್ಕೆ ಸಪೂರ ಮೂತಿ, ಉಗುರಿಗೆ ಉಂಗುರದಂಥದ್ದು. ದೀಪ ಯಾವುದಾದರೇನು, ಬೆಳಕು ಎಲ್ಲಿ ಬೀಳಬೇಕು, ಎಷ್ಟು ದೂರದಿಂದ ಬೀಳಬೇಕು, ಎಲ್ಲಿ ಬೀಳಲೇಕೂಡದು ಎನ್ನುವುದನ್ನೆಲ್ಲ ತೀರ್ಮಾನಿಸುವುದು ಮೂತಿ. ಹೀಗಾಗಿ ಅವನಿಗೂ ಮೂತಿರಾಯ ಎಂಬ ಹೆಸರು ಅಂಟಿಕೊಂಡಿತ್ತು. ಸದಾ ಏನೋ ಕಳೆದುಕೊಂಡವನ ಹಾಗಿರುತ್ತಿದ್ದ ಅವನ ಮುಖಕ್ಕೂ ಅದು ಹೊಂದುತ್ತಿತ್ತು. ಮಾತು ಬೆಳ್ಳಿ, ಮೌನ ಬಂಗಾರ ಎನ್ನುವುದು ನಿಜವಾಗಿದ್ದರೆ ಅವನಷ್ಟು ಶ್ರೀಮಂತ ಊರಿನಲ್ಲಿ ಇನ್ನೊಬ್ಬನಿರಲಿಲ್ಲ.

ಮಗಳು ಹುಟ್ಟಿದ ಮೇಲೆ ಹೆಂಡತಿಯ ನೆತ್ತಿಯಲ್ಲಿ ಸೋರಿಯಾಸಿಸ್ ಕಾಣಿಸಿಕೊಂಡಿತು. ಮೊದಲು ತಲೆಹೊಟ್ಟು ಅಂದುಕೊಂಡಳು. ಆಮೇಲೆ ಹೊಟ್ಟು ಹಕ್ಕಳೆಯಾಯಿತು, ಹಕ್ಕಳೆ ಹಣೆಯವರೆಗೆ ಇಳಿಯಿತು. ಬೆಳಿಗ್ಗೆ ದಿಂಬಿನ ಮೇಲೆ ಹಿಟ್ಟು ಚೆಲ್ಲಿದಂತೆ ಬಿದ್ದಿರುತ್ತಿತ್ತು. ಬಸ್ಸಿನಲ್ಲಿ ಪಕ್ಕ ಕೂತವರು ಮುಂದಿನ ಸ್ಟಾಪು ಬರುವ ಮೊದಲೇ ಎದ್ದು ನಿಲ್ಲುತ್ತಿದ್ದರು. ಆಕೆ ತಲೆಗೆ ಸ್ಕಾರ್ಫು ಕಟ್ಟಿಕೊಂಡಳು, ಕೆಲಸ ಬಿಟ್ಟಳು, ಕನ್ನಡಿಯನ್ನು ಗೋಡೆಯ ಕಡೆ ತಿರುಗಿಸಿಟ್ಟಳು. ಬೆಳಕು ಕೊಟ್ಟರೆ ವಾಸಿಯಾಗುತ್ತದೆ ಎಂದರು ಡಾಕ್ಟರು, ಆದರೆ ಕೂದಲು ಅಡ್ಡ ಬರುತ್ತದೆ, ಬೋಳಿಸಿಬಿಡಿ ಎಂದೂ ಸೇರಿಸಿದರು.

ಗಂಡ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಸ್ವಲ್ಪ ದಿನದ ಮೇಲೆ ಚೀಲದಿಂದ ಒಂದು ವಿಚಿತ್ರ ವಸ್ತು ತೆಗೆದ. ಕೈದೀಪಕ್ಕೆ ಬಾಚಣಿಗೆಯ ಮೂತಿ. ಹಲ್ಲುಗಳು ಕೂದಲನ್ನು ಸೀಳಿಕೊಂಡು ಹೋಗಬೇಕು, ಆ ಸಂದಿಯಲ್ಲಿ ಬೆಳಕು ನೆತ್ತಿಗಿಳಿಯಬೇಕು, ಹಲ್ಲಿನ ಉದ್ದವೇ ದೀಪವನ್ನು ತಕ್ಕ ದೂರದಲ್ಲಿ ತಡೆದಿರಬೇಕು. ಅಡುಗೆಮನೆಯ ಸ್ಟೂಲು ತೋರಿಸಿ, "ಕೂತ್ಕೋ," ಎಂದ.

ಮೊದಲನೆಯದು ಚುಚ್ಚಿತು. ಎರಡನೆಯದರ ಹಲ್ಲು ಮುರಿದು ಕೂದಲಲ್ಲೇ ಉಳಿಯಿತು. ಮೂರನೆಯದರಿಂದ ಹಕ್ಕಳೆ ಉದುರಿತು, ಆದರೆ ಪಟ್ಟೆಪಟ್ಟೆಯಾಗಿ. ಹಲ್ಲಿನ ನೆರಳು ಬಿದ್ದಲ್ಲೆಲ್ಲ ಹಾಗೇ ಉಳಿದುಕೊಂಡಿತ್ತು. ಎರಡು ಕನ್ನಡಿ ಹಿಡಿದು ತನ್ನ ತಲೆಯನ್ನು ನೋಡಿಕೊಂಡ ಆಕೆ, "ಏನ್ರೀ ಇದು, ನನ್ನ ತಲೆ ಏನು ಗದ್ದೇನಾ? ಸಾಲು ಹೊಡೆದಿದ್ದೀರಲ್ಲ!" ಎಂದಳು. ಅವನು ನಕ್ಕ. ಬಾಯಿ ತೆರೆದು, ಸದ್ದು ಮಾಡಿ. ಮದುವೆಯಾದ ಮೇಲೆ ಅವನು ಹಾಗೆ ನಕ್ಕದ್ದನ್ನು ಅವಳು ನೋಡಿದ್ದು ಅದೇ ಮೊದಲು. ಆಮೇಲೆ ಬೆಳಕನ್ನು ತಡೆಯದ ತಿಳಿಯಾದ ಹಲ್ಲುಗಳ ಬಾಚಣಿಗೆ ಬಂತು. ಅದು ಗೆದ್ದಿತು. ಕಂಪನಿಯವರು ಅದನ್ನೇ ಎಲ್ಲ ಕಡೆ ಮಾರಿದರು.

ಆ ಸಂಜೆಗಳು ಹಾಗೆ ಶುರುವಾದದ್ದು. ಇಬ್ಬರೂ ಕಪ್ಪು ಕನ್ನಡಕ ಹಾಕಿಕೊಳ್ಳಬೇಕು. ಅವನು ಬೆನ್ನ ಹಿಂದೆ ನಿಂತು, ಬಲಗೈಯಲ್ಲಿ ದೀಪ ಹಿಡಿದು, ಎಡಗೈ ಬೆರಳಿನಿಂದ ಕೂದಲು ಸರಿಸುತ್ತ, ಕಿವಿಯ ಹಿಂದಿನಿಂದ ಸಾಲು ಸಾಲಾಗಿ ಮೇಲೆ ಬರುತ್ತಿದ್ದ. ಎಷ್ಟು ಹಲ್ಲು ಮಾಡಿದರೂ ಬೆರಳಿನಷ್ಟು ಜಾಣತನ ಅವಕ್ಕಿಲ್ಲ ಎನ್ನುವುದು ಅವನ ದೂರು. ಎದುರು ಕೂತಾಗ ಬಾಯಿಗೆ ಬೀಗ ಹಾಕಿಕೊಳ್ಳುವವನು ಬೆನ್ನ ಹಿಂದೆ ನಿಂತಾಗ ಮಾತಾಡುತ್ತಿದ್ದ. "ಇವತ್ತು ಒಂದು ಒಳ್ಳೆ ಸ್ಪ್ರಿಂಗ್ ಸಿಕ್ತು." "ಹಿಮ್ಮಡಿ ಮೂತಿ ಕೂರ್ತಾನೇ ಇಲ್ಲ. ಹಿಮ್ಮಡಿಯಷ್ಟು ತರಲೆ ಅಂಗ ಬೇರೆ ಇಲ್ಲ ಕಣೇ." ಒಂದು ಸಂಜೆ, ಸುಮ್ಮನೆ, ಯಾವ ಪೀಠಿಕೆಯೂ ಇಲ್ಲದೆ, "ನಿನ್ನ ಕಿವಿ ಹಿಂದೆ ಒಂದು ಮಚ್ಚೆ ಇದೆ, ಗೊತ್ತಾ?" ಎಂದ. ಗೊತ್ತಿರಲಿಲ್ಲ. ತನ್ನ ಮೈಮೇಲಿನ ಒಂದು ಸಂಗತಿ ತನಗಿಂತ ಮೊದಲು ಅವನಿಗೆ ಗೊತ್ತಾಯಿತೆಂದು ಆಕೆಗೆ ಎದೆ ತುಂಬಿ ಬಂತು.

ಮೊದಮೊದಲು ಎಡಗೈಗೆ ಗ್ಲೌಸು ಹಾಕುತ್ತಿದ್ದ. "ಅದು ಕೂದಲು ಎಳೆಯುತ್ತೆ, ತೆಗೀರಿ," ಎಂದಳು. ಅದು ಎಳೆಯುತ್ತಿರಲಿಲ್ಲ. ಅವಳಿಗೆ ಬೆರಳು ಬೇಕಿತ್ತು.

ಕೊನೆಗೊಮ್ಮೆ ನೆತ್ತಿ ಪೂರ್ತಿ ವಾಸಿಯಾಯಿತು. ಅವಳಿಗೆ ಗೊತ್ತಾಯಿತು, ತುರಿಕೆಯಿಲ್ಲದ ನೆತ್ತಿ ಹೇಗಿರುತ್ತದೆಂದು ತುರಿಸಿಕೊಂಡವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಅವನು ದೀಪ ಹಿಡಿದು, "ಇನ್ನೂ ತುರಿಸುತ್ತಾ?" ಎಂದು ಕೇಳಿದ.

ದೀಪ ಆರಿದರೆ ಸ್ಟೂಲು ಅಡುಗೆಮನೆಯ ಮೂಲೆಗೆ ಹೋಗುತ್ತದೆ. ಬೆರಳು ಅವನ ಜೇಬಿಗೆ ಹೋಗುತ್ತದೆ. ಮಾತು ಎಲ್ಲಿಂದ ಬಂದಿತ್ತೋ ಅಲ್ಲಿಗೆ ಹೋಗುತ್ತದೆ.

"ಸ್ವಲ್ಪ," ಎಂದಳು.

ಆಮೇಲೆ ಅವನು ಕೇಳಿದಾಗಲೆಲ್ಲ ಅದೇ ಉತ್ತರ. ಮಗಳು ಶಾಲೆ ಮುಗಿಸಿದಳು, ಕಾಲೇಜು ಮುಗಿಸಿದಳು, ಮದುವೆಯಾಗಿ ಹೋದಳು. ಅವಳಿಗೆ ಮಾತ್ರ ಸ್ವಲ್ಪ ತುರಿಸುತ್ತಲೇ ಇತ್ತು.

*

ಮುಂದಿನ ಕೋಣೆಯಲ್ಲಿ ಕುರ್ಚಿಗಳು ತುಂಬಿದ್ದವು. ಅವನನ್ನು ನಡುವೆ ಮಲಗಿಸಿದ್ದರು. ಹೊದಿಕೆಯನ್ನು ಎಡಗೈ ಮುಚ್ಚುವ ಹಾಗೆ ಎಳೆದದ್ದು ಅತ್ತಿಗೆಯ ಕೆಲಸ. ಕಂಪನಿಯ ಯಜಮಾನರು ದೊಡ್ಡ ಹೂವಿನ ಹಾರ ಹಿಡಿದು ಬಂದರು. ಹಾರವನ್ನಿಟ್ಟು, ಕಣ್ಣೊರೆಸಿಕೊಂಡು, ಮೀಟಿಂಗಿನಲ್ಲಿ ನಿಂತವರ ಹಾಗೆ ಗಂಟಲು ಸರಿಮಾಡಿಕೊಂಡರು.

"ನಮ್ಮ ಕಂಪನಿಗೆ ಅರ್ಧ ಹೆಸರು ಬಂದಿದ್ದೇ ಇವರ ಬಾಚಣಿಗೆಯಿಂದ. ಎಷ್ಟು ಜನರ ತಲೆ ಉಳಿಸಿದ್ದಾರೆ! ಹೆಂಡತಿಗೋಸ್ಕರ ಮಾಡಿದ್ದಂತೆ. ಇಂಥ ಪ್ರೀತಿ ಈಗ ಎಲ್ಲಿದೆ ಹೇಳಿ?"

ಎಲ್ಲರೂ ಆಕೆಯ ಕಡೆ ನೋಡಿದರು. ಆಕೆ ನೆಲ ನೋಡಿದಳು. ಹೊಗಳಿಕೆಯ ಒಂದೊಂದು ಮಾತೂ ಗಾಯದ ಮೇಲೆ ಉಪ್ಪು ಉಜ್ಜಿದಂತಾಗುತ್ತಿತ್ತು.

"ಯಜಮಾನ್ರೇ," ಅತ್ತಿಗೆ ಮೂಗು ಒರೆಸಿಕೊಳ್ಳುತ್ತ ಕೇಳಿದಳು, "ನನ್ನ ತಮ್ಮನಿಗೆ ಈ ರೋಗ ಬಂದಿದ್ದು ಆ ದೀಪದಿಂದಲೇ ಅಲ್ವಾ? ನೀವು ದೊಡ್ಡೋರು, ನಿಜ ಹೇಳಿ."

ಯಜಮಾನರು ನಿಂತಲ್ಲೇ ಕಾಲು ಬದಲಿಸಿದರು. "ನೋಡಿಮ್ಮಾ, ನಮ್ಮಲ್ಲಿ ಎಲ್ಲಾ ರಕ್ಷಣೆ ಇದೆ. ಗ್ಲೌಸ್ ಇಲ್ದೆ ಒಬ್ಬರನ್ನೂ ದೀಪದ ಹತ್ರ ಬಿಡಲ್ಲ. ಗೋಡೆ ಮೇಲೆ ಬೋರ್ಡೇ ಹಾಕಿದೀವಿ. ಇನ್ನು ಮನೇಲಿ ಯಾರು ಹೇಗೆ ಉಪಯೋಗಿಸ್ತಾರೋ, ಅದು ನಮ್ಮ ಕೈಲಿಲ್ಲ."

ಮೂಲೆಯ ಕುರ್ಚಿಯಲ್ಲಿ ಯಾರೋ ಜೋರಾಗಿ ಕೆಮ್ಮಿದರು. ವೈರಣ್ಣ. ಕಂಪನಿಯಲ್ಲಿ ದೀಪಗಳಿಗೆ ತಂತಿ ಎಳೆದು ಟ್ಯೂಬು ಕೂರಿಸುವವನು, ಸತ್ತವನ ಪಕ್ಕದ ಬೆಂಚಿನಲ್ಲಿ ತಲೆ ನರೆಸಿಕೊಂಡವನು. ಮೂತಿರಾಯ ಆಡದೆ ಉಳಿಸಿದ ಮಾತನ್ನೆಲ್ಲ ತಾನೇ ಆಡಿ ಮುಗಿಸುವ ಸ್ವಭಾವ ಅವನದು. ಇವತ್ತು ಮಾತ್ರ ಬಂದವನು ಕೂತಲ್ಲೇ ಕೂತಿದ್ದ. ಯಜಮಾನರು ಅವನ ಕಡೆ ನೋಡಿದರು. ಅವನು ಇನ್ನೊಮ್ಮೆ ಕೆಮ್ಮಿ, ಎದ್ದು ನೀರು ಕುಡಿಯಲು ಒಳಗೆ ಹೋದ.

ಅತ್ತಿಗೆ ತನ್ನ ಸ್ಥಾನದ ಗಾಂಭೀರ್ಯದಿಂದ ತಮ್ಮನ ಹೆಂಡತಿಯ ಕಡೆ ತಿರುಗಿದಳು. "ಕೇಳಿದ್ಯಾ?"

ಕೇಳಿದ್ದಳು. ಅವಳಿಗೆ ತಿಳಿಯದ್ದನ್ನೇನೂ ಅವರು ಹೇಳಿರಲಿಲ್ಲ.

*

ಗಂಡನ ಎಡ ಮುಂಗೈ ಮೇಲಿನ ಹುಣ್ಣನ್ನು ಡಾಕ್ಟರು ಭೂತಗನ್ನಡಿ ಹಿಡಿದು ನೋಡಿದ ದಿನ ಆಕೆ ಪಕ್ಕದಲ್ಲೇ ಇದ್ದಳು. ಆ ಕೈಯ ಚರ್ಮ ಎಂದೋ ಕಂದಿ, ಒಣಗಿ, ಬೇರೆ ಯಾರದೋ ಕೈಯಂತೆ ಕಾಣುತ್ತಿತ್ತು. ಕೇಳಿದಾಗಲೆಲ್ಲ "ಬಿಸಿಲು" ಎಂದು ಹಾರಿಸಿಬಿಡುತ್ತಿದ್ದ.

"ಈ ಕೈ ಬಹಳ ವರ್ಷ ಬೆಳಕಿಗೆ ಒಡ್ಡಿಕೊಂಡಿದೆ," ಎಂದರು ಡಾಕ್ಟರು. "ಮೊದಲೇ ಬರಬೇಕಿತ್ತು. ಇದು ಕ್ಯಾನ್ಸರ್. ಈಗ ಕಂಕುಳಿಗೂ ಹೋಗಿದೆ. ಏನು ಕೆಲಸ ನಿಮ್ದು?"

"ಮೂತಿ ಮಾಡೋದು," ಎಂದ ಅವನು.

ಡಾಕ್ಟರಿಗೆ ಅರ್ಥವಾಗಲಿಲ್ಲ. ಆಕೆಗೆ ಎಲ್ಲವೂ ಅರ್ಥವಾಯಿತು. ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ಅವಳು ಹಿಡಿದುಕೊಂಡದ್ದು ಗಂಡನ ಬಲಗೈಯನ್ನು. ಎಡಗೈ ಮುಟ್ಟಲು ಧೈರ್ಯವಾಗಲಿಲ್ಲ.

ಅವತ್ತು ಸಂಜೆ ಅವನು ಎಂದಿನಂತೆ ಸ್ಟೂಲು ಎಳೆದ. ಆಕೆ ಗೋಡೆಗೆ ಒರಗಿ ನಿಂತು, ಕಡ್ಡಿ ಮುರಿದಂತೆ ಹೇಳಿದಳು: "ಬೇಡ. ತುರಿಕೆ ಹೋಯ್ತು."

"ಹೋಯ್ತಾ?"

"ಹೂಂ. ಪೂರ್ತಿ ಹೋಯ್ತು. ಇನ್ನು ಬೇಡವೇ ಬೇಡ."

ಅವನು ಅವಳನ್ನೇ ನೋಡಿದ. ಏನೋ ಹೇಳುವವನ ಹಾಗೆ ಬಾಯಿ ತೆರೆದು, ಮುಚ್ಚಿದ. ಸ್ಟೂಲನ್ನು ಮೂಲೆಗಿಟ್ಟ, ದೀಪವನ್ನು ಒಗೆಯುವ ಕೋಣೆಯ ಕಪಾಟಿನಲ್ಲಿಟ್ಟ. ಆಮೇಲಿನ ಸಂಜೆಗಳಲ್ಲಿ ಅವನು ಕಿಟಕಿಯ ಹತ್ತಿರ, ಆಕೆ ಒಲೆಯ ಹತ್ತಿರ. ನಡುವೆ ಔಷಧಿಯ ಹೊತ್ತು ಬಂದರೆ ಮಾತು, ಇಲ್ಲದಿದ್ದರೆ ಇಲ್ಲ. ತೀರಾ ಕ್ಷೀಣಿಸಿದ ಮೇಲೆ ಒಂದು ದಿನ ಅವನಾಗಿಯೇ ಕೇಳಿದ:

"ಒಂದ್ಸಲ ಕೂರ್ತೀಯಾ?"

"ಎಲ್ಲಿ?"

"ಸ್ಟೂಲಿನ ಮೇಲೆ."

ಆ ಕೈಯನ್ನು ಇನ್ನೊಂದು ಗಳಿಗೆಯೂ ಆ ಬೆಳಕಿಗೆ ಕೊಡಲಾರೆ ಎನ್ನುವುದನ್ನು ಹೇಳಲು ಹೋದರೆ ಎಲ್ಲವನ್ನೂ ಹೇಳಬೇಕಾಗುತ್ತಿತ್ತು. "ಸುಮ್ನೆ ಮಲಗಿ. ನಿಮಗೇನು ಹುಚ್ಚಾ," ಎಂದು ಗದರಿದಳು. ಅವನು ಗೋಡೆಯ ಕಡೆ ಮಗ್ಗುಲಾದ. ಮತ್ತೆ ಕೇಳಲಿಲ್ಲ.

*

ನೀರು ಕುಡಿಯಲು ಹೋದ ವೈರಣ್ಣ ಒಗೆಯುವ ಕೋಣೆಯ ಬಾಗಿಲಲ್ಲಿ ಒಬ್ಬನೇ ಬೀಡಿಯಿಲ್ಲದ ಕೈಯನ್ನು ಹೊಸಕಿಕೊಳ್ಳುತ್ತ ನಿಂತಿದ್ದ. ಆಕೆ ಎದ್ದು ಅವನ ಹಿಂದೆಯೇ ಬಂದಳು.

"ಅಣ್ಣಾ, ನಿಮ್ಮಿಂದ ಒಂದು ಉಪಕಾರ ಆಗ್ಬೇಕು. ಕಪಾಟಿನಲ್ಲಿ ಆ ದೀಪ ಇದೆ. ತಗೊಂಡು ಹೋಗಿಬಿಡಿ. ಈಗಲೇ. ಅವರನ್ನ ಕಳಿಸಿ ವಾಪಸ್ ಬಂದಾಗ ಅದು ಈ ಮನೇಲಿ ಇರಬಾರದು."

"ಈಗಲೇನಾ? ಆಮೇಲೆ ನಿಧಾನಕ್ಕೆ..."

"ಈಗಲೇ. ಕೊಲೆ ಮಾಡಿದ ಚಾಕುನ ಯಾರಾದ್ರೂ ಮನೇಲಿ ಇಟ್ಕೋತಾರಾ?"

ವೈರಣ್ಣ ಅವಳ ಮುಖ ನೋಡಿ ವಾದ ಮಾಡಲಿಲ್ಲ. ಕಪಾಟಿನಿಂದ ದೀಪ ತೆಗೆದು ಒಗೆಯುವ ಕಲ್ಲಿನ ಮೇಲಿಟ್ಟ. ಬಾಚಣಿಗೆಯ ಹಲ್ಲಿನ ಸಂದಿಯಲ್ಲಿ ಅವಳ ಒಂದು ಬಿಳಿಗೂದಲು ಸಿಕ್ಕಿಕೊಂಡಿತ್ತು. ಆಕೆ ಬೇರೆ ಕಡೆ ತಿರುಗಿದಳು. ದೀಪವನ್ನು ಎಲ್ಲಿಗೆ ಸಾಗಿಸುವುದಾದರೂ ಮೊದಲು ಟ್ಯೂಬು ಬಿಚ್ಚಿ ಪೇಪರಿನಲ್ಲಿ ಸುತ್ತಬೇಕು, ಒಳಗೆ ಪಾದರಸವಿರುತ್ತದೆ. ಅದು ಅವರ ಕಸುಬಿನ ಪಾಠ. ವೈರಣ್ಣನ ಕೈ ತಾನಾಗಿಯೇ ಆ ಕೆಲಸಕ್ಕಿಳಿಯಿತು. ಮುಚ್ಚಳ ತಿರುಗಿಸಿ ಟ್ಯೂಬು ಹೊರಗೆಳೆದು, ಅದರ ಬುಡ ನೋಡಿ, "ಓ, ಇದಾ!" ಎಂದ.

"ಏನು?"

"ಇದಕ್ಕೆ ಪೇಪರ್ ಬೇಕಿಲ್ಲ, ಒಳಗೆ ಪಾದರಸವೇ ಇಲ್ಲ, ಕರ್ಚೀಫಲ್ಲಿ ಸುತ್ಕೊಂಡ್ರೂ ಆಗುತ್ತೆ. ನೋಡು, ಬುಡಕ್ಕೆ ಕೆಂಪು ಟೇಪ್. ನಾನೇ ಸುತ್ತಿದ್ದು. ಇದು ನಾವು ಎಗ್ಜಿಬಿಷನ್ನಿಗೆ ಹಾಕೋ ಟ್ಯೂಬು ಕಣಮ್ಮ. ಬಂದೋರೆಲ್ಲ ಕೈ ಒಡ್ಡಿ ನೋಡ್ತಾರಲ್ಲ, ಯಾರಿಗೂ ಸುಡಬಾರದು ಅಂತ. ಬರೀ ನೀಲಿ ಬೆಳಕು, ತೋರಿಕೆಗೆ. ಕೂಸಿನ ಕೈಗೆ ಕೊಟ್ರೂ ಏನೂ ಆಗಲ್ಲ."

ಆಕೆಗೆ ಮಾತು ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ. "ಯಾವಾಗ ಹಾಕಿದ್ದು? ಕಾಯಿಲೆ ಬಂದ ಮೇಲಾ?"

"ಕಾಯಿಲೆನಾ? ಅಯ್ಯೋ ತಂಗೀ, ನಿನ್ನ ಮಗಳು ಆಗಿನ್ನೂ ಶಾಲೇಲಿದ್ಲು. ಯಾಕೆ, ನಿಂಗೆ ಅವನು ಹೇಳಿರಲಿಲ್ವಾ?"

ಆಕೆ ಒಗೆಯುವ ಕಲ್ಲಿನ ಅಂಚಿಗೆ ಕೂತುಬಿಟ್ಟಳು.

"ಏನಂದ್ರು?" ಎಂದಳು. "ಇದನ್ನ ಹಾಕಿಸ್ಕೊಳ್ಳುವಾಗ ಏನಂದ್ರು?"

"ಅವನೆಲ್ಲಿ ಅಂತಾನೆ? ಅವನ ಬಾಯಿಂದ ಒಂದು ಮಾತು ತೆಗೆಯೋಕೆ ಸ್ಕ್ರೂಡ್ರೈವರ್ ಬೇಕು. ನಾನೇ ಬಿಡಲಿಲ್ಲ. ಏನೋ, ಮನೇಲಿ ಎಗ್ಜಿಬಿಷನ್ ಇಟ್ಟಿದೀಯಾ ಅಂತ ಕಾಲೆಳೆದೆ. 'ಅವಳಿಗೆ ವಾಸಿಯಾಗಿದೆ. ಆ ಬೆಳಕು ಇನ್ನೂ ತಲೆ ಮೇಲೆ ಬೀಳ್ತಾ ಇದ್ರೆ ಅವಳಿಗೆ ಕೆಟ್ಟದ್ದು' ಅಂದ. ಹಾಗಾದ್ರೆ ದೀಪ ಯಾಕೋ ಪುಣ್ಯಾತ್ಮ, ವಾಸಿಯಾಯ್ತು ಅಂತ ಹೇಳಿ ನಿಲ್ಲಿಸು ಅಂದೆ." ವೈರಣ್ಣ ಕೈಯಲ್ಲಿದ್ದ ಟ್ಯೂಬನ್ನು ಸುಮ್ಮನೆ ಉಜ್ಜಿದ. "'ಹೇಳಿದ್ರೆ ಎದ್ದು ಹೋಗ್ತಾಳೆ' ಅಂದ."

ಹೊರಗೆ ಯಾರೋ ಕುರ್ಚಿ ಎಳೆದ ಸದ್ದಾಯಿತು. ನಲ್ಲಿ ತೊಟ್ಟಿಕ್ಕುತ್ತಿತ್ತು.

"ಮತ್ತೆ ಕೈ?" ಆಕೆಯ ದನಿ ಅವಳಿಗೇ ಗುರುತು ಸಿಗಲಿಲ್ಲ. "ಕೈ ಹೇಗೆ ಹಾಗಾಯ್ತು?"

"ಯಜಮಾನ್ರು ಬೋರ್ಡಿನ ಕತೆ ಹೇಳಿದ್ರಲ್ಲ, ಅದಕ್ಕೇ ನಂಗೆ ಕೆಮ್ಮು ಬಂದಿದ್ದು. ಹೊಸ ಮೂತಿ ಮಾಡಿದಾಗ ಬೆಳಕು ಎಲ್ಲಾ ಕಡೆ ಸಮ ಬೀಳುತ್ತಾ ಅಂತ ನೋಡ್ಬೇಕಲ್ಲ. ಮೀಟರ್ ಇದೆ. ಅವನಿಗೆ ಮೀಟರ್ ಮೇಲೆ ನಂಬಿಕೆ ಇಲ್ಲ. ಗ್ಲೌಸ್ ಕಿತ್ತುಹಾಕಿ ಎಡಗೈ ಒಡ್ಡೋನು. ಮಾರನೇ ದಿನ ಕೆಂಪು ಗುರುತು ಒಂದೇ ಸಮ ಇದ್ರೆ ಮೂತಿ ಪಾಸು. ಮಾಡಿದ ಪ್ರತಿ ಮೂತಿಗೂ ಹೀಗೇ. ಬೇಡ ಕಣೋ ಅಂದ್ರೆ, ಬೇರೆಯವರ ಚರ್ಮದ ಮೇಲೆ ಬೀಳೋದು, ಮೊದಲು ನನ್ನದರ ಮೇಲೆ ಬೀಳಲಿ ಅನ್ನೋನು. ಯಜಮಾನ್ರು ನೋಡಿಯೂ ನೋಡದ ಹಾಗೆ ಇದ್ರು. ನಾನೂ ಇದ್ದೆ ಅನ್ನು."

ಅಷ್ಟು ತಿಂಗಳು ಎದೆಯ ಮೇಲಿದ್ದ ಕಲ್ಲು ಸರಿಯಿತು. ತಾನು ಕೊಂದಿರಲಿಲ್ಲ. ಅವಳಿಗೆ ಉಸಿರು ಬಂತು. ಆ ಉಸಿರಿನ ಹಿಂದೆಯೇ ಇನ್ನೊಂದು ಯೋಚನೆ ಬಂದು ಅವಳನ್ನು ಹಿಡಿದು ಅಲುಗಿಸಿತು. ಕೊಲ್ಲದ ದೀಪಕ್ಕೆ ಹೆದರಿ ಅವಳು ಕಡೆಯ ತಿಂಗಳುಗಳನ್ನೆಲ್ಲ ಒಲೆಯ ಹತ್ತಿರ ಕಳೆದಿದ್ದಳು. ಒಂದ್ಸಲ ಕೂರ್ತೀಯಾ ಎಂದು ಕೇಳಿದವನಿಗೆ ಹುಚ್ಚಾ ಎಂದಿದ್ದಳು. ಇದು ಬರೀ ನೀಲಿ ಬೆಳಕು ಕಣೇ ಎಂದು ಅವನು ಆಗಲಾದರೂ ಹೇಳಬಹುದಿತ್ತು. ಹೇಳಿದರೆ ಅವಳ ಸುಳ್ಳು ತನಗೆ ಗೊತ್ತಿತ್ತೆಂದೂ ಹೇಳಬೇಕಾಗುತ್ತಿತ್ತು. ಅವಳಾದರೂ ಹೇಳಬಹುದಿತ್ತು. ಮೂಕ ಕನಸು ಕಂಡ ಹಾಗೆ ಇಬ್ಬರೂ ಬದುಕಿಬಿಟ್ಟಿದ್ದರು, ಒಂದೇ ಕನಸು, ಒಂದೇ ಸ್ಟೂಲಿನ ಹಿಂದೆ ಮುಂದೆ.

"ತಂಗೀ, ನಾನೇನಾದ್ರೂ ಹೇಳಬಾರದ್ದು ಹೇಳಿದ್ನಾ?" ವೈರಣ್ಣ ಹೆದರಿ ಕೇಳಿದ.

ಆಕೆ ಎದ್ದು ಮುಂದಿನ ಕೋಣೆಗೆ ನಡೆದಳು.

*

ವ್ಯಾನು ಬಂದಿತ್ತು. ಯಾರೋ ಚಪ್ಪಲಿ ಹುಡುಕುತ್ತಿದ್ದರು, ಯಾರೋ ಫೋನಿನಲ್ಲಿ ದಾರಿ ಹೇಳುತ್ತಿದ್ದರು. ಆಕೆ ಜನರ ನಡುವೆ ನುಗ್ಗಿ ಹೋಗಿ ಗಂಡನ ತಲೆಯ ಪಕ್ಕ ಕೂತಳು.

"ನಂಗೆ ತುರಿಸ್ತಾ ಇರಲಿಲ್ಲ ರೀ," ಎಂದಳು. ಗಟ್ಟಿಯಾಗಿಯೇ.

ಚಪ್ಪಲಿ ಹುಡುಕುತ್ತಿದ್ದವರು ಇತ್ತ ತಿರುಗಿದರು.

"ಒಂದು ಚೂರೂ ತುರಿಸ್ತಾ ಇರಲಿಲ್ಲ. ಎಷ್ಟೋ ವರ್ಷದಿಂದ. ನಿಮಗೂ ಗೊತ್ತಿತ್ತಂತೆ. ಹಾಗಿದ್ದೂ ದಿನಾ ಕೇಳ್ತಿದ್ರಲ್ಲ, ತುರಿಸುತ್ತಾ, ತುರಿಸುತ್ತಾ ಅಂತ. ಕಳ್ಳ! ಒಂದು ಮಾತು ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು? ನಾನು ಎಲ್ಲಿಗೆ ಎದ್ದು ಹೋಗ್ತಿದ್ದೆ? ಎಲ್ಲಿಗೆ ಅಂತ ಹೋಗ್ತಿದ್ದೆ ನಾನು?"

"ಇವಳಿಗೇನಾಯ್ತೇ?" ಅತ್ತಿಗೆ ಗಾಬರಿಯಿಂದ ಮಗಳ ತೋಳು ಹಿಡಿದಳು. "ನೀರು ತಗೊಂಡು ಬಾ. ತಲೆ ಕೆಟ್ಟಿದೆ ಇವಳಿಗೆ."

ಹೆಂಡತಿ ಹೊದಿಕೆಯ ಅಂಚು ಸರಿಸಿದಳು. ಅತ್ತಿಗೆ ಮುಚ್ಚಿಟ್ಟಿದ್ದ ಎಡಗೈಯನ್ನು ಹೊರಗೆ ತೆಗೆದು, ಬ್ಯಾಂಡೇಜಿನ ಮೇಲೆಯೇ ಎರಡು ಕೈಯಲ್ಲಿ ಹಿಡಿದುಕೊಂಡಳು. ಆಗ ಅತ್ತಳು.

"ಮುಚ್ಚೇ ಅದನ್ನ, ಜನ ನೋಡ್ತಾರೆ," ಎಂದು ಅತ್ತಿಗೆ ಬಗ್ಗಿದವಳು, ಅವಳ ಮುಖ ನೋಡಿ, ಹೊದಿಕೆ ಎಳೆಯಲು ಚಾಚಿದ ಕೈಯನ್ನು ಅವಳ ಬೆನ್ನ ಮೇಲಿಟ್ಟಳು.

"ಅತ್ತಿಗೆ, ನೋಡಲಿ ಬಿಡಿ."

ಎತ್ತುವಾಗ ಯಾರು ಎಲ್ಲಿ ಕೂರಬೇಕೆಂದು ಮಾತು ನಡೆಯಿತು. ವ್ಯಾನಿನ ಹಿಂದುಗಡೆ ಸೆಕೆ, ನೀವು ಕಾರಿನಲ್ಲಿ ಬನ್ನಿ ಎಂದರು ಯಜಮಾನರು. "ನಾನು ಅವರ ಪಕ್ಕದಲ್ಲೇ ಕೂರ್ತೀನಿ," ಎಂದಳು ಆಕೆ. ಮಗಳು ಎದುರು ಬೆಂಚಿನಲ್ಲಿ ಕೂತಳು, ವೈರಣ್ಣ ಡ್ರೈವರಿನ ಪಕ್ಕ ಹತ್ತಿದ.

ವ್ಯಾನು ಬೀದಿ ದಾಟಿ ದೊಡ್ಡ ರಸ್ತೆಗೆ ಬಂತು. ಕಿಟಕಿಗೆ ಪರದೆಯಿರಲಿಲ್ಲ. ಮಧ್ಯಾಹ್ನದ ಬಿಸಿಲು ಗಾಜಿನಿಂದ ನೇರವಾಗಿ ಒಳಗೆ ಬಿದ್ದು ಅವನ ಮುಖದ ಮೇಲೆ ಕೂತಿತು. ಆಕೆ ಮುಂದಕ್ಕೆ ಬಾಗಿ, ಕಿಟಕಿಗೂ ಅವನಿಗೂ ನಡುವೆ ತನ್ನ ಅಂಗೈ ಅಡ್ಡ ಹಿಡಿದಳು. ಅವನ ಕಣ್ಣಿನ ಮೇಲೆ ನೆರಳು ಬಿತ್ತು.

"ಅಮ್ಮಾ, ಕೈ ಸೋಲುತ್ತೆ. ಇಳಿಸು," ಎಂದಳು ಮಗಳು.

"ಇರಲಿ."

ಸಿಗ್ನಲಿನಲ್ಲಿ ವ್ಯಾನು ನಿಂತಿತು. ಬಿಸಿಲು ಅವಳ ಮುಂಗೈಯನ್ನು ಸುಡುತ್ತಿತ್ತು. ಮತ್ತೆ ಹೊರಟು ಎಡಕ್ಕೆ ತಿರುಗಿದಾಗ ಬಿಸಿಲು ಅವನ ಹಣೆಯಿಂದ ಕೆನ್ನೆಗೆ ಜಾರಿತು. ಅವಳ ಕೈಯೂ ಅದರ ಜೊತೆಗೇ ಜಾರಿತು.